ಹದಿನೈದು ಹಲ್ಲಿನ ಚಕ್ರ

ಎಂಜಿನ್ ಬಂದಾಯಿತೆಂದೇ ತಿಳಿದು ಫಕ್ಕೀರೇಶ ಹೆದ್ದಾರಿಯ ಎಡಕ್ಕೆ ಸರಿದ. ಆಕ್ಸಿಲರೇಟರ್ ತಿರುವಿದರೆ ಬೈಕು ಇನ್ನೂ ಮುಂದಕ್ಕೇ ನುಗ್ಗಿತು. ಮುಳ್ಳು ಎಪ್ಪತ್ತರ ಮೇಲಿತ್ತು, ಅಂಗೈ ಜುಮ್ಮೆನ್ನುತ್ತಿರಲಿಲ್ಲ, ಹಿಂದಿನ ಲಾರಿ ಕನ್ನಡಿಯಲ್ಲಿ ನಡುಗದೆ ಕಾಣುತ್ತಿತ್ತು. ಐದು ವರ್ಷದಲ್ಲಿ ಮೊದಲ ಸಲ ತನ್ನ ಗಾಡಿಯ ಮೇಲೆ ಕುಳಿತು ಅವನು ಗಾಳಿಯ ಸದ್ದು ಕೇಳಿದ.

ಆ ಗಾಡಿ ಮೊದಲು ಸವಣೂರಿನ ಎಲೆ ವ್ಯಾಪಾರಿಯೊಬ್ಬನದು. ವೀಳ್ಯದೆಲೆಯ ಪೆಂಡಿ ಹೇರಿಕೊಂಡು ತೋಟದ ಕೆಸರು ರಾಡಿಯಲ್ಲಿ ಎಳೆಯಲೆಂದು ಅವನು ಎಂಜಿನ್ ಬದಿಗೆ, ಚೈನು ತಿರುಗಿಸುವ, ಹದಿಮೂರು ಹಲ್ಲಿನ ಪುಟ್ಟ ಚಕ್ರ ಹಾಕಿಸಿದ್ದ. ರಾಡಿಯಲ್ಲಿ ಗಾಡಿ ಹುಲಿ. ಡಾಂಬರಿಗೆ ಬಂದರೆ ಮಾತ್ರ ಮೈಮೇಲೆ ಬಂದಂತೆ ಒದರುತ್ತಿತ್ತು. ಓಣಿಗೆ ಬಂದರೆ ಮನೆಮನೆಯ ಗೋಡೆಗೂಡಿನ ಪಾತ್ರೆಗಳು ನಡುಗುತ್ತಿದ್ದವು. ಫಕ್ಕೀರೇಶ ದಿನಾ ಅದನ್ನೇರಿ ಹುಬ್ಬಳ್ಳಿಯ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಗೆ ಕೆಲಸಕ್ಕೆ ಹೋಗಿ ಬರುವವನು. ರಾತ್ರಿ ತುತ್ತು ಎತ್ತುವಾಗಲೂ ಬೆರಳು ನಡುಗುತ್ತಿದ್ದವು. ಕೊನೆಗೆ ಇವತ್ತು ಶಿಗ್ಗಾಂವಿಯ ಮೆಕ್ಯಾನಿಕ್ ಹಯಾತ ಆ ಚಕ್ರ ಬಿಚ್ಚಿ ಹದಿನೈದು ಹಲ್ಲಿನದನ್ನು ಕೂರಿಸಿ, ಹೊಸ ಚೈನು ಬಿಗಿದುಕೊಟ್ಟಿದ್ದ.

"ಎಳಿಯೂದು ಒಂಚೂರು ಕಮ್ಮಿ ಆಕ್ಕೈತ್ರಿ," ಎಂದಿದ್ದ ಹಯಾತ, ಕೈ ಒರೆಸಿಕೊಳ್ಳುತ್ತ. "ಆದ್ರ ಹೈವೇದಾಗ ಎಂಜಿನ್ ಆರಾಮ ಓಡತೈತಿ ನೋಡ್ರಿ. ಊರಾಗ ನೀವು ಬಂದದ್ದ ಯಾರಿಗೂ ಗೊತ್ತಾಗೂದಿಲ್ಲ."

"ನಮ್ಮವ್ವಗ ಗೊತ್ತಾಕ್ಕೈತಿ ಬಿಡೋ," ಎಂದು ಫಕ್ಕೀರೇಶ ನಕ್ಕಿದ್ದ.

ಅವ್ವನ ಕಿವಿ ಅವರ ಮನೆಯಲ್ಲಿ ಹಳೆಯ ತಕರಾರು. ಗಾಡಿ ಇನ್ನೂ ಕೆರೆ ಏರಿಯ ಮೇಲಿರುವಾಗಲೇ ಯಂಕವ್ವ ನೀರಿನ ತಂಬಿಗೆ ಹಿಡಿದು ಬಾಗಿಲಿಗೆ ಬಂದಿರುತ್ತಿದ್ದಳು. ಅದೇ ಯಂಕವ್ವ, ಸೊಸೆ ನೀಲಾ ಬೆನ್ನ ಹಿಂದೆ ನಿಂತು ಮೂರು ಸಲ ಕರೆದರೂ ಮೊರದಿಂದ ತಲೆ ಎತ್ತುತ್ತಿರಲಿಲ್ಲ.

"ಏರಿ ಮ್ಯಾಲಿನ ಗಾಡಿ ಕೇಳತೈತಿ, ಮಗ್ಗಲದಾಗ ನಿಂತ ನನ್ನ ಮಾತು ಕೇಳೂದಿಲ್ಲಂದ್ರ ಏನ ಅರ್ಥ?" ಎಂದು ನೀಲಾ ಎರಡು ವರ್ಷದಿಂದ ಕೇಳುತ್ತಿದ್ದಳು. ಸೊಕ್ಕು ಎಂಬ ಅರ್ಥವೇ ಫಕ್ಕೀರೇಶನಿಗೂ ಹೊಳೆದಿತ್ತು. ಹೋದ ದೀಪಾವಳಿಗೆ ಅವನೇ ಅವ್ವನೆದುರು ನಿಂತು "ಬೇಕಾದ್ದಷ್ಟ ಕೇಳತೈತಿ ನಿನಗ!" ಎಂದು ಕೂಗಾಡಿದ್ದ. ಆಕೆ ಅವನ ಮುಖವನ್ನೇ ನೋಡಿ ಸುಮ್ಮನೆ ತಲೆಯಾಡಿಸಿದ್ದಳು. ಅದೂ ಸೊಕ್ಕೇ ಅನಿಸಿತ್ತು ಅವನಿಗೆ.

ಹೆದ್ದಾರಿ ಬಿಟ್ಟು ಊರಿಗೆ ತಿರುಗಿದರೆ ರಸ್ತೆಯ ಅರ್ಧಕ್ಕೆ ಸಾಲಾಗಿ ಕಲ್ಲಿಟ್ಟು ಗೋವಿನಜೋಳ ಹರವಿದ್ದರು. ಸುಗ್ಗಿಯಲ್ಲಿ ಆ ರಸ್ತೆ ಜೋಳದ್ದು, ಗಾಡಿಗಳು ಉಳಿದ ಜಾಗದಲ್ಲಿ ಹೋಗಬೇಕು. ಹೊತ್ತು ಇಳಿಯುವುದರೊಳಗೆ ಕಾಳು ಒಟ್ಟಬೇಕೆಂದು ಹೆಂಗಸರು ಹಲಗೆ ಹಿಡಿದು ಇಳಿದಿದ್ದರು. ಇಳಿಜಾರಿನ ಕೊನೆಗೆ, ತಮ್ಮ ಮನೆಯ ಮುಂದೆ, ಅವ್ವ ಇತ್ತ ಬೆನ್ನು ಮಾಡಿ ಹಲಗೆ ಎಳೆಯುತ್ತಿದ್ದಳು. ಸರಿಯುತ್ತಾಳೆ ಎಂದುಕೊಂಡ ಫಕ್ಕೀರೇಶ. ಯಾವಾಗಲೂ ಸರಿಯುತ್ತಿದ್ದಳು.

ಅವಳು ಹಿಂದೆ ಹಿಂದೆ ಹೆಜ್ಜೆಯಿಡುತ್ತ ಕಲ್ಲಿನ ಸಾಲು ದಾಟಿ ಅವನ ದಾರಿಗೇ ಬಂದಳು. ಹಾರ್ನ್ ಒತ್ತಿದ. ಮತ್ತೆ ಒತ್ತಿದ. ಆಮೇಲೆ ಹೆಬ್ಬೆರಳು ತೆಗೆಯಲೇ ಇಲ್ಲ. ರಸ್ತೆಯ ಉದ್ದಕ್ಕೂ ಹೆಂಗಸರು ತಿರುಗಿ ನೋಡಿದರು, ಯಂಕವ್ವ ಒಬ್ಬಳು ತಿರುಗಲಿಲ್ಲ.

"ಅವ್ವಾ!"

ಬ್ರೇಕು ಒತ್ತಿ ಪಕ್ಕಕ್ಕೆ ಎಳೆದ. ಗಾಲಿ ಕಾಳಿನ ಮೇಲೆ ಜಾರಿತು. ಅವನು ಹೆಗಲ ಮೇಲೆ ಬಿದ್ದ. ಗಾಡಿಯೊಂದೇ ಡಾಂಬರು ಕೆರೆಯುತ್ತ, ಕಾಳು ಹಾರಿಸುತ್ತ ಹೋಗಿ ಅವ್ವನ ಹಿಮ್ಮಡಿಯಿಂದ ಗೇಣು ದೂರದಲ್ಲಿ ನಿಂತು ಬಂದಾಯಿತು. ಹೆಂಗಸರು ಚೀರಿದರು. ನೀಲಾ ಬಾಗಿಲಿಂದ ಓಡಿಬಂದಳು.

ಯಂಕವ್ವ ಮಾತ್ರ ಹಲಗೆಯನ್ನು ಇನ್ನೊಮ್ಮೆ ಎಳೆದಳು. ಕಾಳನ್ನು ಅಚ್ಚುಕಟ್ಟಾಗಿ ಗುಡ್ಡೆಗೆ ಸೇರಿಸಿದಳು. ಮತ್ತೊಂದು ಹೆಜ್ಜೆ ಹಿಂದಿಟ್ಟಾಗ ಕಾಲಿಗೆ ಟೈರು ತಾಗಿತು. ಆಗ ತಿರುಗಿದಳು.

ಮೊಣಕೈಯಿಂದ ರಕ್ತ ಇಳಿಯುತ್ತಿದ್ದುದು ಫಕ್ಕೀರೇಶನಿಗೆ ತಿಳಿಯಲಿಲ್ಲ. ಹಾರ್ನು, ಗಾಡಿ ಬಿದ್ದ ಸದ್ದು, ಅಷ್ಟು ಜನರ ಚೀರಾಟ, ಇಷ್ಟರ ನಡುವೆ ಅವ್ವ ಹಲಗೆ ಎಳೆದದ್ದನ್ನು ಅವನು ಕಣ್ಣಾರೆ ಕಂಡಿದ್ದ.

"ಅಯ್ಯ ನನ್ನಪ್ಪಾ! ಯಾವಾಗ ಬಂದಿ? ಹೆಂಗ ಬಿದ್ದಿ?" ಅವ್ವ ಓಡಿಬಂದು ಸೆರಗಿನಿಂದ ಅವನ ಮೊಣಕೈ ಒತ್ತಿಹಿಡಿದಳು.

"ಅತ್ತಿ," ಎಂದಳು ನೀಲಾ, ಆಕೆಯ ಬೆನ್ನ ಹಿಂದಿನಿಂದ. ಯಂಕವ್ವ ರಕ್ತ ಒರೆಸುತ್ತಿದ್ದಳು. "ಅತ್ತೀ!" ಎಂದು ಗಂಟಲು ಹರಿಯುವಂತೆ ಕೂಗಿದಳು ನೀಲಾ. ಯಂಕವ್ವ ಒರೆಸುತ್ತಲೇ ಇದ್ದಳು. ನೀಲಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಯಾವಾಗಿಂದವ್ವಾ?" ಫಕ್ಕೀರೇಶ ತನ್ನ ಕಿವಿ ಮುಟ್ಟಿ ತೋರಿಸಿ ಕೇಳಿದ. ಅವ್ವ ಅವನ ತುಟಿ ನೋಡಿದಳು.

"ಆತು ಎರಡು ವರ್ಷ. ನಿನ್ನ ಗಾಡಿ ಗುಡುಗು ಒಂದ ಎದಿಗೆ ಬಡದಂಗ ಕೇಳತಿತ್ತು. ಅದೊಂದರ ಐತಲ್ಲಾ ಅಂತ ಸುಮ್ನಿದ್ದೆ." ಆಕೆ ಬಿದ್ದ ಗಾಡಿಯ ಕಡೆ ನೋಡಿದಳು. ದನಿ ಸಣ್ಣಗಾಯಿತು. "ಇವತ್ತ ಅದೂ ಹೋತು ನೋಡಪಾ."

ಫಕ್ಕೀರೇಶನಿಗೆ ಅಳು ಬಂತು. ಇಲ್ಲ ಎಂದು ಜೋರಾಗಿ ತಲೆಯಾಡಿಸಿ ಎದ್ದ, ಗಾಡಿ ಎತ್ತಿ ನಿಲ್ಲಿಸಿ ಕಿಕ್ ಹೊಡೆದ. ಹಯಾತನ ಕೆಲಸ ಅಚ್ಚುಕಟ್ಟು. ಎಂಜಿನ್ ಹಿತವಾಗಿ, ಮೆತ್ತಗೆ ಶುರುವಾಯಿತು. ಅವ್ವ ಅವನನ್ನೇ ನೋಡುತ್ತ ನಿಂತಿದ್ದಳು. ಅವನು ನ್ಯೂಟ್ರಲ್‌ನಲ್ಲೇ ಆಕ್ಸಿಲರೇಟರ್ ಪೂರ್ತಿ ತಿರುವಿದ. ಗಾಡಿ ಒದರಿತು. ಹೆಂಗಸರು ಕಿವಿ ಮುಚ್ಚಿಕೊಂಡರು, ಕಟ್ಟೆಯ ಮೇಲಿನ ನಾಯಿ ಜಿಗಿದು ಓಡಿತು.

ಯಂಕವ್ವನ ಮುಖ ಅರಳಿತು.

"ಹಾಂ, ಈಗ ಬಂದಿ ನೋಡು," ಎಂದಳು. ಹಲಗೆಯನ್ನು ಗೋಡೆಗೆ ಒರಗಿಸಿ, ದಿನದಂತೆ ನೀರು ತರಲು ಒಳಗೆ ಹೋದಳು.

ಆಕೆ ತಂಬಿಗೆ ಹಿಡಿದು ಮತ್ತೆ ಬಾಗಿಲಲ್ಲಿ ಕಾಣಿಸಿಕೊಳ್ಳುವವರೆಗೂ ಫಕ್ಕೀರೇಶ ತಿರುವಿದ ಕೈ ಬಿಡಲಿಲ್ಲ.