ಎಡಗೈ ಪಿಚ್ಚರ್ ಯಾರ ಪಾಲಿಗೆ

ಸತ್ಯಾತ್ಮನ ಊಹೆಗಳು ಮೊದಲ ವಾರ ಪೂರ್ತಿ ಸರಿಯಾದಾಗ ಗೆಳೆಯರ ಮೊಬೈಲ್ ಗುಂಪಿನವರೆಲ್ಲ ಬೆನ್ನು ತಟ್ಟಿದರು. ಮರುವಾರವೂ ಹಾಗೇ ಆದಾಗ ನಕ್ಕು ತಮಾಷೆ ಮಾಡಿದರು. ಅದರ ಮುಂದಿನ ವಾರವೂ ಒಂದೇ ಒಂದು ತಪ್ಪಿಲ್ಲದೆ ಎಲ್ಲವೂ ಸರಿಯಾದಾಗ ಯಾರೂ ಏನೂ ಬರೆಯಲಿಲ್ಲ. ಅದೇ ಶಿವರಂಜನನಿಗೆ ಚುಚ್ಚಿತು. ಮುಚ್ಚಿ ಕಳಿಸಿದ ಬೇಡಿಕೆಗಳನ್ನು ಮೊದಲೇ ನೋಡಬಲ್ಲವನು ಇಡೀ ಲೀಗಿನಲ್ಲಿ ಶಿವರಂಜನನೊಬ್ಬನೇ ಇದ್ದ.

ಲೀಗ್ ಅಂದರೆ ಮೈದಾನದ ಆಟವಲ್ಲ. ಹಿಂದೊಮ್ಮೆ ಚೆನ್ನೈನ ಅಂಬತ್ತೂರಿನ ಒಂದು ಕಚೇರಿಯಲ್ಲಿ ಇವರೆಲ್ಲ ಅಮೆರಿಕದ ಬೇಸ್‌ಬಾಲ್ ಪಂದ್ಯಗಳ ಅಂಕಿಅಂಶ ಜೋಡಿಸುವ ಕೆಲಸ ಮಾಡುತ್ತಿದ್ದರು. ಕಂಪನಿ ಬಾಗಿಲು ಹಾಕಿತು. ಒಬ್ಬ ರೈಲ್ವೆಗೆ ಹೋದ, ಒಬ್ಬ ಇನ್ಶೂರೆನ್ಸಿಗೆ, ಇನ್ನೊಬ್ಬ ಬ್ಯಾಂಕಿಗೆ. ಆಟದ ಹುಚ್ಚು ಮಾತ್ರ ಯಾರನ್ನೂ ಬಿಡಲಿಲ್ಲ. ಕಂಪ್ಯೂಟರಿನೊಳಗೇ ಒಂದು ಲೀಗ್ ಕಟ್ಟಿಕೊಂಡರು. ಅಲ್ಲಿನ ಆಟಗಾರರಿಗೆ ರಕ್ತಮಾಂಸವಿಲ್ಲ. ಅವರನ್ನು ಹುಟ್ಟಿಸುವುದು, ಆಡಿಸುವುದು, ಭುಜ ಮುರಿಸುವುದು, ಮುದುಕರನ್ನಾಗಿಸುವುದು ಎಲ್ಲವೂ ಪ್ರೋಗ್ರಾಮಿನ ಕೆಲಸ. ಗೆಳೆಯರು ತಲೆಗೊಂದು ತಂಡದ ಒಡೆಯರು. ಶಿವರಂಜನನಿಗೆ ತಂಡವಿಲ್ಲ, ಅವನು ಲೀಗಿನ ಅಧ್ಯಕ್ಷ.

ಪ್ರತಿ ಚಳಿಗಾಲ ಒಪ್ಪಂದ ಮುಗಿದ ಆಟಗಾರರು ಫ್ರೀ ಏಜೆಂಟ್‌ಗಳಾಗಿ ಮಾರುಕಟ್ಟೆಗೆ ಬರುತ್ತಾರೆ. ಅವರಲ್ಲಿ ಎಲ್ಲರ ಕಣ್ಣು ಇರುವುದು ಪಿಚ್ಚರ್‌ಗಳ ಮೇಲೆ. ಕ್ರಿಕೆಟ್ಟಿಗೆ ಬೌಲರ್ ಇದ್ದಂತೆ ಬೇಸ್‌ಬಾಲಿಗೆ ಪಿಚ್ಚರ್. ಒಬ್ಬ ಒಳ್ಳೆಯವನು ಸಿಕ್ಕರೆ ಅರ್ಧ ಗೆದ್ದಂತೆ. ಯಾರಿಗೆ ಯಾರು ಬೇಕು, ಎಷ್ಟು ವರ್ಷಕ್ಕೆ, ಎಷ್ಟು ಸಂಬಳಕ್ಕೆ ಬೇಕು ಅಂತ ಒಡೆಯರು ಗುಟ್ಟಾಗಿ ಶಿವರಂಜನನಿಗೆ ಬರೆದು ಕಳಿಸುತ್ತಾರೆ. ಹೆಚ್ಚು ಕೊಡುವವನ ಪಾಲಿಗೆ ಆಟಗಾರ. ಭಾನುವಾರ ಸಂಜೆ ಅವನು ಫಲಿತಾಂಶ ಹೇಳುತ್ತಾನೆ. ಅದಕ್ಕೆ ಮುಂಚೆ ಶನಿವಾರ ಸತ್ಯಾತ್ಮ ‘ಯಾರು ಯಾರ ಪಾಲಿಗೆ’ ಅಂತ ಒಂದು ಲೇಖನ ಹಾಕುವುದು ರೂಢಿ. ಅರ್ಧಕ್ಕರ್ಧ ತಪ್ಪುತ್ತಿತ್ತು. ತಪ್ಪಿದಾಗ ಕಾಲೆಳೆಯುವುದರಲ್ಲೇ ಎಲ್ಲರಿಗೂ ಖುಷಿ.

ಸೋಮವಾರ ಸೀತಾರಾಮ ಫೋನ್ ಮಾಡಿದ. ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಎಂಜಿನಿಯರ್. ಹುಟ್ಟಿ ಬೆಳೆದದ್ದೆಲ್ಲ ಚೆನ್ನೈ, ಮನೆಮಾತು ಮೈಸೂರಿನದು.

“ರಂಜನ್, ತಪ್ಪು ತಿಳ್ಕೋಬೇಡಪ್ಪ. ಚುಮ್ಮಾ, ಸುಮ್ನೆ ಕೇಳ್ತಿದೀನಿ. ನಿನ್ನ ಲ್ಯಾಪ್‌ಟಾಪ್ ಮನೇಲಿ ಯಾರ ಕೈಗಾದ್ರೂ ಸಿಗುತ್ತಾ?”

“ಯಾರು ಮುಟ್ಟತಾರ? ಮನ್ಯಾಗ ಅಪ್ಪಾ, ತೇಜಶ್ರೀ, ನಾನು. ಅಷ್ಟ.”

“ಸರಿ, ಸರಿ. ನಾನೇನೂ ಹೇಳ್ತಿಲ್ಲ. ಬೇರೆಯವರು ಮಾತಾಡ್ಕೋತಿದಾರೆ, ನಿನ್ನ ಕಿವಿಗೆ ಹಾಕಿದೆ.”

ಫೋನಿಟ್ಟ ಮೇಲೆ ಶಿವರಂಜನನ ಸಿಟ್ಟು ಮೊದಲು ಸೀತಾರಾಮನ ಮೇಲೆ ತಿರುಗಿತು. ಆಮೇಲೆ ಅದು ಮೆಲ್ಲಗೆ ದಿಕ್ಕು ಬದಲಿಸಿತು. ಸತ್ಯಾತ್ಮನ ಹೆಂಡತಿ ಶ್ರೀಯಾಳಿಗೂ ತನ್ನ ಹೆಂಡತಿ ತೇಜಶ್ರೀಗೂ ಈಚೆಗೆ ದಿನವೂ ಫೋನು. ಶಿವರಂಜನ ಒಳಗೆ ಬಂದರೆ ತೇಜಶ್ರೀ “ಆಮ್ಯಾಲೆ ಮಾಡ್ತೀನಿ” ಅಂತ ಇಟ್ಟುಬಿಡುತ್ತಾಳೆ. ಮೊನ್ನೆ ಮೊಬೈಲಿನಲ್ಲಿ ಏನೋ ಬರೆಯುತ್ತಿದ್ದವಳು ಅವನ ನೆರಳು ಬಿದ್ದೊಡನೆ ಪರದೆ ಆರಿಸಿದ್ದಳು. ಅವಳು ಫಿಸಿಯೋಥೆರಪಿ ಮಾಡುವವಳು. ಪೆರಂಬೂರಿನ ಕ್ಲಿನಿಕ್ಕಿನಲ್ಲಿ ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಮನೆಗೆ ಬರುತ್ತಾಳೆ. ಆ ಹೊತ್ತಿಗೆ ಅವನು ಕಚೇರಿಯಲ್ಲಿ, ಲ್ಯಾಪ್‌ಟಾಪ್ ಮನೆಯಲ್ಲಿ.

ಅವನ ಅಪ್ಪ ಹಾಲಸಿದ್ದಪ್ಪ ಚೆನ್ನೈನ ಬ್ರಾಡ್‌ವೇ ಪೇಟೆಯಲ್ಲಿ ಗೋಣಿಚೀಲದ ವ್ಯಾಪಾರ ಮಾಡಿ ಈಗ ಮನೆಯಲ್ಲಿರುವವರು. ಸಂಜೆ ವಿಭೂತಿ ಹಚ್ಚಿಕೊಂಡು ಕೂತಿದ್ದ ಅವರನ್ನು ಶಿವರಂಜನ ಯಾವುದೋ ಮಾತಿನ ನಡುವೆ ಕೇಳಿದ: “ಮಧ್ಯಾಹ್ನ ನನ್ನ ಖೋಲಿಯೊಳಗ ಯಾರರ ಹೋಗ್ತಾರೇನಪಾ?”

“ತೇಜಶ್ರೀ ಕುಂತಿರತಾಳಲ್ಲ, ನಿನ್ನ ಮೇಜಿನ ಮುಂದ. ದಿನಾ ಕುಂತಿರತಾಳ. ಯಾಕ?”

“ಏನಿಲ್ಲ.”

ಆ ರಾತ್ರಿ ಊಟ ಬಡಿಸುವಾಗ ತೇಜಶ್ರೀ ಕೇಳಿದಳು: “ಈ ವಾರ ಯಾರ್ಯಾರು ಅದಾರ?” ಇಂಥ ಮಾತು ಅವಳು ವರ್ಷಗಳಿಂದ ಕೇಳಿದವಳೇ. ಅವನೂ ತುತ್ತಿನ ನಡುವೆ ಎಲ್ಲರ ಪುರಾಣ ಬಿಚ್ಚಿದವನೇ. ಇವತ್ತು ಮಾತ್ರ “ಅಂಥಾವ್ರು ಯಾರೂ ಇಲ್ಲ” ಅಂದ. ಅವಳು ಅವನ ಮುಖವನ್ನು ಒಂದು ಕ್ಷಣ ಹೆಚ್ಚೇ ನೋಡಿ ಸಾರಿನ ಸೌಟು ಎತ್ತಿಕೊಂಡಳು.

ಆ ವಾರದ ದೊಡ್ಡ ಹೆಸರು ವೀಕ್ಸ್ ಅನ್ನುವ ಎಡಗೈ ಪಿಚ್ಚರ್. ಹಿಂದಿನ ವರ್ಷ ಭುಜದ ಆಪರೇಷನ್ ಆಗಿ ಕೂತವನು. ಒಳ್ಳೆಯ ದಿನದಲ್ಲಿ ಅವನ ಚೆಂಡು ಮುಟ್ಟುವವರಿಲ್ಲ, ಆದರೆ ಆ ಒಳ್ಳೆಯ ದಿನ ಮತ್ತೆ ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅವನಿಗೆ ಗಟ್ಟಿಯಾಗಿ ಬೇಡಿಕೆ ಇಟ್ಟವನು ಅಜಯ್ ಒಬ್ಬನೇ, ಅಂಬತ್ತೂರು ತಂಡದ ಒಡೆಯ. ಶಿವರಂಜನ ಯೋಚಿಸಿ ಯೋಚಿಸಿ ಒಂದು ಕೆಲಸ ಮಾಡಿದ. ಲ್ಯಾಪ್‌ಟಾಪಿನಲ್ಲಿ ಬೇಡಿಕೆಗಳನ್ನು ಸೇರಿಸಿಡುವ ಪುಟದಲ್ಲಿ ಸೀತಾರಾಮನ ಹೆಸರಿನಲ್ಲಿ ಒಂದು ಸುಳ್ಳು ಸಾಲು ಸೇರಿಸಿದ: ವೀಕ್ಸ್ ಬೇಕು, ನಾಲ್ಕು ವರ್ಷಕ್ಕೆ, ಎಲ್ಲರಿಗಿಂತ ಹೆಚ್ಚು ಸಂಬಳಕ್ಕೆ. ಶುಕ್ರವಾರ ಕಚೇರಿಗೆ ರಜೆ ಹಾಕಿದ. ತೇಜಶ್ರೀ ಕ್ಲಿನಿಕ್ಕಿನಿಂದ ಬಂದಮೇಲೆ ಆ ಪುಟವನ್ನು ಹಾಗೇ ತೆರೆದಿಟ್ಟು, “ಅಪ್ಪಾನ್ನ ಕಣ್ಣಿನ ಡಾಕ್ಟರಿಗೆ ತೋರಿಸ್ಕೊಂಡ ಬರ್ತೀನಿ” ಅಂತ ಹೊರಟ. ಆಟೋದಲ್ಲಿ ಅಪ್ಪ ಏನೇನೋ ಹೇಳುತ್ತಿದ್ದರು. ಅವನಿಗೆ ಒಂದೂ ಕೇಳಿಸಲಿಲ್ಲ. ಲೇಖನದಲ್ಲಿ ಸೀತಾರಾಮನ ಹೆಸರು ಬರದಿರಲಿ ಅಂತ ಒಂದು ಮನಸ್ಸು ಬೇಡುತ್ತಿತ್ತು. ಬಂದರೆ ಈ ಗೋಜಾದರೂ ಮುಗಿಯುತ್ತದೆ ಅಂತ ಇನ್ನೊಂದು.

ಶನಿವಾರ ಬೆಳಗ್ಗೆ ಲೇಖನ ಬಂತು. ಅವನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಓದಿದ.

‘ವೀಕ್ಸ್ ಅಜಯ್ ಪಾಲಿಗೆ. ಸೀತಾರಾಮ ಇವನ ಕಡೆ ತಿರುಗಿಯೂ ನೋಡುವವನಲ್ಲ. ನೋಡಿದ ಅಂತ ಯಾರಾದರೂ ಹೇಳಿದರೆ, ಹೇಳಿದವರನ್ನೇ ಒಮ್ಮೆ ನೋಡಿ.’

ಮತ್ತೊಮ್ಮೆ ಓದಿದ. ಪುಟವನ್ನು ಯಾರೋ ನೋಡಿದ್ದಾರೆ. ನೋಡಿದ್ದು ಮಾತ್ರವಲ್ಲ, ಇದು ಸುಳ್ಳು ಅಂತಲೂ ತಿಳಿದಿದ್ದಾರೆ. ಗುಂಪಿನ ಮಿಕ್ಕವರಿಗೆ ಆ ಸಾಲು ಸತ್ಯಾತ್ಮನ ಎಂದಿನ ಕುಚೋದ್ಯದಂತೆ ಕಂಡಿರಬೇಕು. ಒಬ್ಬಿಬ್ಬರು ನಗುವ ಮುಖ ಹಾಕಿದರು. ಭಾನುವಾರ ಅವನು ಸುಳ್ಳು ಸಾಲನ್ನು ಅಳಿಸಿ ಫಲಿತಾಂಶ ಹೇಳಿದ. ವೀಕ್ಸ್ ಅಜಯ್ ಪಾಲಾದ. ಉಳಿದ ಊಹೆಗಳೂ ಸರಿಯಾದವು.

ಸೋಮವಾರ ಮಧ್ಯಾಹ್ನ ಎಗ್ಮೋರ್ ಸ್ಟೇಷನ್ನಿನ ಎದುರಿನ ಟೀ ಅಂಗಡಿಗೆ ಸತ್ಯಾತ್ಮನನ್ನು ಕರೆಸಿದ. ಸತ್ಯಾತ್ಮನ ಇನ್ಶೂರೆನ್ಸ್ ಕಚೇರಿ ಅಲ್ಲೇ ಹತ್ತಿರ. ಅವನು ಬಂದವನೇ ಶಿವರಂಜನನ ಮುಖ ನೋಡಿ ಎರಡು ಟೀ ಹೇಳಿದ.

“ನೇರ ಕೇಳ್ತೀನಿ. ನಿನಗ ಯಾರು ಹೇಳ್ತಾರ?”

ಸತ್ಯಾತ್ಮ ಲೋಟ ತಿರುಗಿಸುತ್ತಾ ಕೂತ. “ಈ ಚಳಿಗಾಲ ಒಂದು ಸಾಲೂ ನಾನು ಬರೆದಿಲ್ಲ ಕಣೋ.”

“ಮತ್ತ?”

“ನನಗೆ ಬೋರ್ ಆಗೋಗಿತ್ತು. ಗಣೇಶನ ಹಬ್ಬಕ್ಕೆ ನಮ್ಮನೆಗೆ ಬಂದಿದ್ರಲ್ಲ, ನೀನು ಹೊರಗೆ ಅಮ್ಮನ ಜೊತೆ ಮಾತಾಡ್ತಿದ್ದೆ. ಹಳೇ ವರ್ಷದ ಲೇಖನ ತೆಗೆದು ಇಲ್ಲಿ ತಪ್ಪಿದೀರ, ಇಲ್ಲಿ ತಪ್ಪಿದೀರ ಅಂತ ಒಬ್ಬರು ತೋರಿಸಿದ್ರು. ಯಾಕೆ ತಪ್ಪು ಅನ್ನೋದನ್ನೂ ಹೇಳಿದ್ರು. ನೀವೇ ಬರೀರಿ ಅಂತ ನಾನೇ ಅಂದೆ. ಹೆಸರು ನಿಮ್ಮದೇ ಇರಲಿ, ನನ್ನ ಹೆಸರು ಹಾಕಿದ್ರೆ ಯಾರೂ ಓದಲ್ಲ ಅಂದ್ರು. ಶ್ರೀಯಾ ಫೋನಿಗೆ ಕಳಿಸ್ತಾರೆ, ನಾನು ಹಾಕ್ತೀನಿ.”

ಯಾರು ಅಂತ ಶಿವರಂಜನ ಕೇಳಬೇಕಾಗಿರಲಿಲ್ಲ. ಟೀ ಮೇಲೆ ಕೆನೆ ಕಟ್ಟಿತು.

“ಮನೆಗೆ ಹೋಗಿ ಕೇಳಪ್ಪ,” ಅಂದ ಸತ್ಯಾತ್ಮ. “ಇಲ್ಲಿಗೆ ಬರೋ ಮುಂಚೆ ಅಲ್ಲೇ ಕೇಳಬಹುದಿತ್ತು.”

ಅವನು ಮನೆ ಸೇರುವಾಗ ಮೋಡ ಕವಿದಿತ್ತು. ತೇಜಶ್ರೀ ಮಾಳಿಗೆಯಿಂದ ಒಣಗಿದ ಬಟ್ಟೆ ತಂದು ಮಂಚದ ಮೇಲೆ ಗುಡ್ಡೆ ಹಾಕಿ ಮಡಚುತ್ತಿದ್ದಳು.

“ಆ ಲೇಖನ ನೀ ಬರಿಯಾಕತ್ತೀಯೇನು?”

“ಹೌದ್ರಿ.” ಕೈ ನಿಲ್ಲಲಿಲ್ಲ.

“ನನ್ನ ಲ್ಯಾಪ್‌ಟಾಪ್ ನೋಡ್ತಿದ್ದಿ?”

ಅವಳು ಮಡಚಿದ ಅಂಗಿಯನ್ನು ಕೆಳಗಿಟ್ಟಳು. “ಸತ್ಯಾತ್ಮ ಅವ್ರನ್ನ ಕೇಳಿ ಬಂದ್ರಿ. ಮಾವಾರನ್ನ ಕೇಳಿದ್ರಿ. ಎಲ್ಲಾರ್ನೂ ಕೇಳಿ ಆದ ಮ್ಯಾಲೆ ನನ್ನ ಕೇಳಾಕತ್ತೀರಿ.”

“ನೋಡಿದ್ಯೋ ಇಲ್ಲೋ, ಅಷ್ಟು ಹೇಳು.”

“ಇಲ್ಲ. ನೋಡೂದು ಬೇಕಾಗಿದ್ದಿಲ್ಲ. ಅಜಯ್ ಪ್ರತಿ ಸಲ ಪೆಟ್ಟು ತಿಂದವರ ಹಿಂದ ಹೋಗ್ತಾರ. ಕಂಪನಿ ಮುಚ್ಚಿದಾಗ ಅವ್ರಿಗೆ ಎಲ್ಲೂ ಕೆಲಸ ಸಿಗದ ಕುಂತಿದ್ರು ಅಂತ ನೀವ ಹೇಳಿದ್ರಿ. ಸೀತಾರಾಮ ಅಣ್ಣಾರು ಹಳೇ ಗುರ್ತಿನವರನ್ನ ಬಿಟ್ಟು ಹೊಸಬರನ್ನ ಹತ್ರ ಬಿಟ್ಕೊಳ್ಳೂದಿಲ್ಲ. ಅದನ್ನೂ ನೀವ ಹೇಳಿದ್ರಿ. ಇಷ್ಟು ವರ್ಷ ಊಟಕ್ಕ ಕುಂತಾಗೆಲ್ಲಾ ನೀವು ಹೇಳಿದ್ದನ್ನ ನಾ ಕೇಳಿಸ್ಕೊಂಡೀನಿ. ಇನ್ನ ಭುಜಾ ಯಾವಾಗ ಸುಧಾರಸ್ತದ ಅನ್ನೂದು ನನ್ನ ಕೆಲಸ.”

“ಮತ್ತ ಸೀತಾರಾಮನ ಸಾಲು?”

“ಅದೊಂದ ಓದೀನಿ. ಕಿಟಕಿ ಹಾಕಾಕ ಒಳಗ ಹೋಗಿದ್ದೆ. ಬಾಗಿಲಿಗೆ ಮುಖ ಮಾಡಿ ತೆರೆದಿಟ್ಟಿದ್ರಿ. ಹಿಂದ ಯಾವತ್ತರ ಹಂಗ ಬಿಟ್ಟು ಹೋಗಿದ್ರ್ಯಾ? ಇಲಿಬೋನಿನೊಳಗ ಕೊಬ್ಬರಿ ಇಡ್ತಾರಲ್ಲ, ಹಂಗಿತ್ತು.” ಅವಳ ದನಿ ಏರಲಿಲ್ಲ. “ಲೇಖನ ಬ್ಯಾಡ ಅಂತ ಬಿಟ್ಟುಬಿಡಬೇಕು ಅನ್ಕೊಂಡೆ. ಆಮ್ಯಾಲೆ, ನೋಡೀನಿ ಅಂತ ಗೊತ್ತಾಗ್ಲಿ ಅಂತ ಬರದೆ.”

“ನನ್ನ ಮೇಜಿಗೆ ಕುಂತು ಬರೀಬೇಕಾಗಿತ್ತಾ?”

“ಫ್ಯಾನಿನ ಗಾಳಿ ಬರೂದು ಅಲ್ಲೆ. ನಂಬ್ರಿ, ಬಿಡ್ರಿ.”

“ನಂಬತೀನಿ,” ಅಂದ. ಮಾತು ತುಸು ಬೇಗ ಬಂತು. ಇಬ್ಬರಿಗೂ ಅದು ತಿಳಿಯಿತು.

ಮಂಚದ ಅಂಚಿಗೆ ಕೂತು ಕೇಳಿದ: “ನನಗ್ಯಾಕ ಹೇಳಲಿಲ್ಲ?”

“ಹೋದ ವರ್ಷ ನನಗೂ ಒಂದು ತಂಡ ಕೊಡ್ರಿ ಅಂದಿದ್ದೆ. ಅಧ್ಯಕ್ಷನ ಹೆಂಡ್ತಿ ಆಡಿದ್ರ ಮಂದಿ ಸಂಶಯ ಪಡತಾರ ಅಂದ್ರಿ. ಮಂದಿ ಬ್ಯಾರೆ, ನೀವು ಬ್ಯಾರೆ ಅಂತ ತಿಳ್ಕೊಂಡಿದ್ದೆ.”

ಅವನು ಬಟ್ಟೆಯ ಗುಡ್ಡೆಯಿಂದ ಒಂದು ಪಂಚೆ ತೆಗೆದು ಮಡಚತೊಡಗಿದ. ಅಂಚು ಕೂಡಲಿಲ್ಲ. ಅವಳು ಅದನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಮಡಚಿದಳು.

ಮರುದಿನ ಶಿವರಂಜನ ನಡೆದದ್ದೆಲ್ಲವನ್ನೂ ಗುಂಪಿಗೆ ಬರೆದ. ತೇಜಶ್ರೀ ಬರೆಯುತ್ತಿದ್ದದ್ದನ್ನೂ, ತಾನು ಹಾಕಿದ ಸುಳ್ಳು ಸಾಲನ್ನೂ ಮುಚ್ಚಿಡಲಿಲ್ಲ. ಹೆಂಡತಿಯ ವಿಷಯಕ್ಕೆ ಗಲಾಟೆ ಆಗುತ್ತದೆ ಅಂತ ಎಣಿಸಿದ್ದ. ಆದರೆ ಸೀತಾರಾಮನಿಗೆ ನೋವಾದದ್ದು ಇನ್ನೊಂದಕ್ಕೆ.

“ಅವರು ಊಹೆ ಮಾಡಿದ್ರು, ಸರಿ. ನೀನು ನನ್ನ ಹೆಸರಲ್ಲಿ ಸುಳ್ಳು ಬರೆದೆಯಲ್ಲಪ್ಪ,” ಅಂತ ಫೋನಿನಲ್ಲಿ ಹೇಳಿದ. “ಅಳಿಸಿದೆ ಅಂತೀಯ. ಇದೊಂದೇ ಸಲ ಅಂತೀಯ. ಹಿಂದಿನ ವರ್ಷಗಳದ್ದು ನಾನು ಈಗ ಹೇಗೆ ನಂಬಲಿ?”

ಶಿವರಂಜನ ಹಿಂದೆ ಎಂದೂ ಹಾಗೆ ಮಾಡಿದವನಲ್ಲ. ಆದರೆ ಅದನ್ನು ತೋರಿಸಿಕೊಡುವ ದಾರಿ ಅವನಿಗೆ ಕಾಣಲಿಲ್ಲ. ಎರಡು ದಿನ ಮಾತುಕತೆಯಾಗಿ ಅಧ್ಯಕ್ಷತೆ ಅವನ ಕೈಬಿಟ್ಟಿತು. ಆಟ ಸಾಕಾಗಿದ್ದ ಸತ್ಯಾತ್ಮ ತನ್ನ ತಂಡ ಬಿಟ್ಟುಕೊಟ್ಟು ಆ ಕೆಲಸ ವಹಿಸಿಕೊಂಡ. ತಂಡವನ್ನು ತೇಜಶ್ರೀಗೆ ಕೊಡೋಣ ಅಂತ ಮೊದಲು ಹೇಳಿದವನು ಸೀತಾರಾಮನೇ. ಒಬ್ಬಿಬ್ಬರು ಗೊಣಗಿದರು, ಆಮೇಲೆ ಸುಮ್ಮನಾದರು. ಶಿವರಂಜನನಿಗೆ ಲೇಖನ ಬರೆಯುವ ಕೆಲಸ ಉಳಿಯಿತು. ಅದನ್ನೂ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ.

ಪೊಂಗಲ್ ಕಳೆದ ಮೇಲೆ ಕೊನೆಯ ಸುತ್ತು. ಲೆಕ್ಕಕ್ಕೆ ಬರುವ ಪಿಚ್ಚರ್‌ಗಳು ಮೂವರೇ ಉಳಿದಿದ್ದರು. ಇಬ್ಬರ ವಿಷಯ ಬರೆಯುವುದು ಶಿವರಂಜನನಿಗೆ ಸುಲಭವಾಯಿತು. ತೇಜಶ್ರೀ ಮೂರನೆಯವನನ್ನು, ರೂಯಿಸ್ ಅನ್ನುವ ಹೊಸ ಹುಡುಗನನ್ನು ತೆಗೆದುಕೊಳ್ಳುತ್ತಾಳೆ ಅಂತ ಬರೆದ. ದಿನವೂ ಕೆಟ್ಟ ಭುಜಗಳನ್ನೇ ನೋಡುವವಳು ಗಟ್ಟಿ ಭುಜದವನನ್ನಲ್ಲದೆ ಇನ್ನಾರನ್ನು ಆರಿಸುತ್ತಾಳೆ? ಬರೆದು ಮುಗಿಸಿ ಎರಡು ಸಲ ಓದಿದ. ಇದರಲ್ಲಿ ತಪ್ಪುವುದಕ್ಕೆ ಏನೂ ಇಲ್ಲ ಅನ್ನಿಸಿತು.

ಭಾನುವಾರ ಸತ್ಯಾತ್ಮ ಫಲಿತಾಂಶ ಹಾಕಿದ. ಮೊದಲಿನ ಇಬ್ಬರೂ ಶಿವರಂಜನ ಹೇಳಿದಲ್ಲಿಗೇ ಹೋಗಿದ್ದರು. ರೂಯಿಸ್ ಸೀತಾರಾಮನ ಪಾಲಾಗಿದ್ದ. ಎಂದೂ ಹೊಸಬರನ್ನು ಮುಟ್ಟದ ಸೀತಾರಾಮ. ತೇಜಶ್ರೀ ತೆಗೆದುಕೊಂಡದ್ದು ಹಾರ್ಲನ್ ಅನ್ನುವವನನ್ನು. ಚೆಂಡಿನ ವೇಗ ಪೂರಾ ಹೋಗಿ, ಯಾರೂ ಲೆಕ್ಕಕ್ಕೆ ಹಿಡಿಯದ ಮುದುಕ.

ಅವಳು ಮೇಜಿನ ಹತ್ತಿರ ಕೂತಿದ್ದಳು. ಈಚೆಗೆ ಕುರ್ಚಿಯನ್ನು ಗೋಡೆಗೆ ಒತ್ತಿ ಹಾಕಿಕೊಳ್ಳುತ್ತಾಳೆ, ಬೆನ್ನ ಹಿಂದೆ ಯಾರೂ ಬರಲು ಜಾಗವಿಲ್ಲ.

“ಆ ಮುದುಕನ್ನ ಯಾಕ ತಗೊಂಡಿ?” ಬಾಗಿಲಲ್ಲೇ ನಿಂತು ಕೇಳಿದ.

“ಹೇಳಿದ್ರ ಮುಂದಿನ ಸಲ ಬರೀತೀರಿ.”

“ಬರಿಯೂದಿಲ್ಲ. ಸುಮ್ನ ಕೇಳಿದೆ.”

ತೇಜಶ್ರೀ ತಲೆಯೆತ್ತಿ ಅವನನ್ನು ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಕ್ಲಿನಿಕ್ಕಿನಲ್ಲಿ, ಈಗ ನೋವಿಲ್ಲ ಅನ್ನುವ ರೋಗಿಯ ತೋಳನ್ನು ಅವಳು ಹೀಗೇ ನೋಡುತ್ತಾಳೋ ಏನೋ.

“ಹಳೇ ಗುರ್ತಿನವರನ್ನ ನಂಬೂದು ಬಿಟ್ಟು ಸೀತಾರಾಮ ಅಣ್ಣಾರು ಹೊಸಬನ್ನ ತಗೊಂಡಾರ. ಅದು ಯಾಕಂತ ಯೋಚನಿ ಮಾಡ್ರಿ ಮೊದಲ,” ಅಂದು ಮತ್ತೆ ಪರದೆಗೆ ಬಗ್ಗಿದಳು. ಪಕ್ಕದ ಖೋಲಿಯಿಂದ ಅಪ್ಪ ಚಹಾ ಕೇಳಿದರು. ಅವಳು ಏಳುವ ಮುಂಚೆ ಶಿವರಂಜನ ತಾನೇ ಅಡಿಗೆಮನೆಗೆ ಹೋಗಿ ಒಲೆ ಹಚ್ಚಿದ. ಹಾಲು ಕಾಯುವವರೆಗೆ ಒಳಗಿನಿಂದ ಕೀಬೋರ್ಡಿನ ಸದ್ದು ಬರುತ್ತಲೇ ಇತ್ತು. ಯಾರಿಗೆ ಬರೆಯುತ್ತಿದ್ದಾಳೆ, ಏನು ಬರೆಯುತ್ತಿದ್ದಾಳೆ ಅಂತ ಊಹಿಸಲು ನೋಡಿದ. ಒಂದು ಊಹೆಯೂ ನಿಲ್ಲಲಿಲ್ಲ.