ನಲವತ್ತೇಳನೇ ಪುಟದ ಕೊನೆಯ ಸಾಲು

ಅರಿವೆಯ ನಯ ಬೆರಳಿಗೆ ತಾಕಿತು, ಪುಸ್ತಕಕ್ಕೆ ಇಂಥ ಹೊದಿಕೆ ಹೊಲಿಯುವವಳು ಒಬ್ಬಳೇ, ಅಗೋ ಮೂರನೇ ಸಾಲಿನ ಕಂಪ್ಯೂಟರಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತ ದರ್ಜಿ ಹೆಂಗಸು, ಮೂವತ್ತೆಂಟಕ್ಕೆ ಕಾಲೇಜು ಸೇರಿದವಳು, ಪ್ರೋಗ್ರಾಮಿಂಗ್ ಪ್ರಾಕ್ಟಿಕಲ್‌ನಲ್ಲಿ ಎರಡು ಸಲ ಡುಮ್ಕಿ, ಇದು ಮೂರನೆಯದು, ಇದೇ ಕೊನೆಯದು — ಬಾಗಿಲಲ್ಲೇ ಎಲ್ಲರ ಪುಸ್ತಕ ಇಸಕೊಂಡು ಮೇಜಿನ ಮೇಲೆ ಗುಡ್ಡೆ ಹಾಕುವುದು ಪಾಠ ಮಾಡುವ ಮೇಡಂ ಆದ ತನ್ನ ಕೆಲಸ, ತಾನೇ ಬರೆದು ಜೆರಾಕ್ಸ್ ಮಾಡಿಸಿ ಹಂಚಿದ ಲ್ಯಾಬ್ ಪುಸ್ತಕ, ಮೇಲಿದ್ದದ್ದನ್ನು ಸುಮ್ಮನೆ, ಬರೀ ಸುಮ್ಮನೆ ತೆರೆದಳು, ನಲವತ್ತೇಳನೇ ಪುಟ, ಹನ್ನೊಂದನೇ ಪ್ರೋಗ್ರಾಂ, ಒಂದರಿಂದ ನೂರರವರೆಗೆ ಎಣಿಸಿ ತೋರಿಸುವುದು, ಮತ್ತೆ ಕೊನೆಯ ಸಾಲೆಲ್ಲಿ? ಎಣಿಕೆಗೆ ಒಂದು ಕೂಡಿಸು ಎನ್ನುವ ಸಾಲು, ಅದಿಲ್ಲದೆ ಎಣಿಕೆ ಮುಂದಕ್ಕೇ ಹೋಗದ ಸಾಲು? ಪುಟ ಅಲ್ಲಿಗೇ ಕತ್ತರಿಸಿದೆ, ಅಂಚು ಒಪ್ಪ ಮಾಡಿ ಕೊಡ್ತೀನಿ ಬಿಡಿ ಮೇಡಂ ಅಂದಿದ್ದ ಜೆರಾಕ್ಸ್ ಅಂಗಡಿಯವನು, ಎರಡು ವರ್ಷದ ಹಿಂದೆ, ತಾನು ಪಾಠ ಮಾಡುವುದು ಕತ್ತರಿಸದ ಮೂಲ ಪ್ರತಿಯಿಂದ, ಮಕ್ಕಳ ಪುಸ್ತಕ ಯಾವತ್ತಾದರೂ ಮುಟ್ಟಿದ್ದಳೇ, ಇನ್ನೊಂದನ್ನು ಬಿಡಿಸಿದಳು, ಅಲ್ಲೂ ಇಲ್ಲ, ಮತ್ತೊಂದರಲ್ಲೂ ಇಲ್ಲ.

ಪ್ರಶ್ನೆಯ ಚೀಟಿ ಎತ್ತಿದಾಗ ನಕ್ಕಿದ್ದಳಲ್ಲ ದರ್ಜಿ, ಹೋದ ಸಲದ ಹನ್ನೊಂದೇ ಬಂತು ಮೇಡಂ, ಈಗ ನಿದ್ದೆಗಣ್ಣಲ್ಲೂ ಬರೀತೀನಿ, ಹೌದು ಹೋದ ಸಲವೂ ಹನ್ನೊಂದೇ, ಪುಸ್ತಕದಲ್ಲಿದ್ದ ಹಾಗೇ ಹೊಡೆದೆ ಮೇಡಂ ಅಂತ ಕಣ್ಣು ತುಂಬಿಕೊಂಡು ಬಂದವಳಿಗೆ ತಾನೇನಂದಳು, ಎಲ್ಲೋ ಒಂದಕ್ಷರ ನುಂಗಿರ್ತೀಯ ಕಣಮ್ಮ, ಇನ್ನೂ ಚೆನ್ನಾಗಿ ಬಾಯಿಪಾಠ ಮಾಡು, ಅಜ್ಜಿಯ ಮಾತೇ ಅದು, ಅರ್ಥ ಆಮೇಲೆ ಬರುತ್ತೆ, ಮೊದಲು ನಾಲಗೆಗೆ ಬರಲಿ, ಪದ್ಯಕ್ಕೊಂದು ಮಣಿ ಸರಿಸುತ್ತಾ ನೂರು ಪದ್ಯ ಹೇಳುತ್ತಿದ್ದ ಅಜ್ಜಿ, ದೇವರೇ, ಆ ಕೊನೆಯ ದಿನಗಳಲ್ಲಿ ಬಾಯಿ ಹೇಳುತ್ತಿತ್ತು, ಬೆರಳು ಮರೆತಿತ್ತು, ಮೊದಲ ಪದ್ಯ, ಮತ್ತೆ ಮೊದಲ ಪದ್ಯ, ಮಣಿ ಇದ್ದಲ್ಲೇ, ಮಂಚದ ಕಾಲು ಹಿಡಿದು ನಿಂತ ಏಳು ವರ್ಷದ ತಾನು, ಯಾರಾದರೂ ಆ ಮಣಿ ಸರಿಸಬಾರದೇ, ಕೈ ಚಾಚಲಿಲ್ಲ, ಹೆದರಿಕೆ — ಈಗ ಎದ್ದು ಹೇಳಿದರೆ? ತಪ್ಪು ಪುಸ್ತಕ ಕೊಟ್ಟು ಎರಡು ವರ್ಷ ಪಾಠ ಮಾಡಿದಿರಾ ಅನ್ನುತ್ತಾರೆ, ಹೋದ ಸಲ ಇದರಿಂದಲೇ ಫೇಲಾದವಳ ಗತಿ ಏನು ಅನ್ನುತ್ತಾರೆ, ಕೆಲಸ ಹೋಗುತ್ತದೆ, ಹೋಗಲಿ, ಅವಳ ಮುಖ ನೋಡುವುದು ಹೇಗೆ.

ಕೀಲಿಗಳ ಸದ್ದು ನಿಂತಿತು. ದರ್ಜಿ ಸೂಜಿಗೆ ದಾರ ಪೋಣಿಸುವ ಹಾಗೆ ಒಂದು ಕಣ್ಣು ಮುಚ್ಚಿ ಕೊನೆಯ ಕೀಲಿ ಒತ್ತುತ್ತಾಳೆ, ಪರದೆಯ ತುಂಬ ಒಂದು, ಕೆಳಗೊಂದು, ಅದರ ಕೆಳಗೊಂದು, ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ಏರಿಸಿ ಬಗ್ಗಿದರು, ಏನಮ್ಮಾ, ನೂರರ ತನಕ ಹೋಗು ಅಂದ್ರೆ ಒಂದನ್ನೇ ತಬ್ಕೊಂಡು ಕೂತಿದೀಯಲ್ಲ, ಯಾರೋ ಕಿಸಕ್ಕೆಂದರು, ದರ್ಜಿ ಅವರ ಕಡೆ ನೋಡಲಿಲ್ಲ, ತಿರುಗಿ ಇತ್ತ ನೋಡಿದಳು, ಒಂದಕ್ಷರ ನುಂಗಿಲ್ಲ ಮೇಡಂ, ಆಣೆ, ಕುರ್ಚಿ ಕಿರ್ರೆಂದಿತು, ಎದ್ದು ನಿಂತವಳು ತಾನೇ, ಕೈಯಲ್ಲಿ ಅರಿವೆ ಹೊದಿಕೆಯ ಪುಸ್ತಕ, ಏನ್ ಮೇಡಂ, ಏನಾದ್ರೂ ಹೇಳೋದಿತ್ತಾ, ಪರೀಕ್ಷಕರು ಕೇಳುತ್ತಾರೆ, ಹೇಳುತ್ತಾಳೆ, ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ, ಅಜ್ಜಿಯ ಬೆರಳ ಕೆಳಗೆ ಮಣಿ ಇದ್ದಲ್ಲೇ, ಪರದೆಯ ಮೇಲೆ ಒಂದು, ಈಗ ಹೇಳುತ್ತಾಳೆ, ಒಂದು, ಈಗ, ಒಂದು, ಒಂದು