ಚಲುವಯ್ಯ ಬಾಯಿ ಕಟ್ಟಿಕೊಂಡ ದಿನ

ಬೆಟ್ಟದಪುರದ ಚಲುವಯ್ಯನ ಗಂಟಲು ಎಂಥದ್ದೆಂದರೆ, ಹೊಗೆಸೊಪ್ಪಿನ ಹೊಲದಲ್ಲಿ ನಿಂತು ಅವನು ಬೈದರೆ ಪಕ್ಕದೂರಿನ ನಾಯಿ ಬಾಲ ಮುದುರುತ್ತಿತ್ತು. ತಾನು ಕೂಗದಿದ್ದರೆ ಯಾವ ಕೆಲಸವೂ ಆಗುವುದಿಲ್ಲ ಎಂಬುದು ಅವನ ನಂಬಿಕೆ. ಆ ನಂಬಿಕೆಯೇ ಈಗ ಮುಳುವಾಗಿತ್ತು. ಸೊಪ್ಪು ಕಟ್ಟುವ ಹೆಂಗಸರು, "ಆವಯ್ಯನ ಬಾಯಿಗೆ ನಾವ್ ಬರಾಕಿಲ್ಲ" ಎಂದು ಮನೆಯಲ್ಲೇ ಕೂತುಬಿಟ್ಟರು. ಗಿಡದಿಂದ ಮುರಿದ ಸೊಪ್ಪು ಚಪ್ಪರದಡಿ ರಾಶಿ ಬಿದ್ದಿತ್ತು. ಇವತ್ತೇ ಕಡ್ಡಿಗೆ ಕಟ್ಟಿ, ಸೊಪ್ಪನ್ನು ಬಿಸಿಯಲ್ಲಿ ಒಣಗಿಸುವ ಬ್ಯಾರನ್ನಿಗೆ ಏರಿಸದಿದ್ದರೆ ಅಷ್ಟೂ ಹಾಳು.

ಮೈಸೂರಿನಲ್ಲಿ ಗಣಿತದ ಸಂಶೋಧನೆ ಮಾಡುವ ಮಗಳು ಸೌಂದರ್ಯ ರಜೆಗೆ ಬಂದಿದ್ದಳು. ಅವಳೇ ಹೋಗಿ ಸೊಪ್ಪು ಕಟ್ಟುವ ಮಂಗಳಮ್ಮನ ಗುಂಪನ್ನು ಒಪ್ಪಿಸಿದಳು. ಷರತ್ತು ಒಂದೇ: ಕೆಲಸ ಮುಗಿಯುವ ತನಕ ಚಲುವಯ್ಯ ತುಟಿ ಬಿಚ್ಚಕೂಡದು.

"ಯೋಳೋರಿಲ್ದೆ ಕೆಲ್ಸ ಆದದಾ?" ಎಂದ ಚಲುವಯ್ಯ.

"ನಮ್ ಮೈಯೊಳ್ಗೇ ಆಯ್ತಾ ಅದೆ ಕಣಪ್ಪ. ಒಂದೊಂದು ಜೀವಕೋಶದಲ್ಲೂ ಸಣ್ಣ ಸಣ್ಣ ಎಳೆ ಅವೆ. ಅವನ್ನ ಎಳಿಯಾಕೆ ಕಣ್ಣಿಗೆ ಕಾಣದ ಮೋಟ್ರು ಅವೆ. ಹಿಡಿಯೋದು, ನಡಿಯೋದು, ಬುಡೋದು, ಅಷ್ಟೇ ಗೊತ್ತು ಅವಕ್ಕೆ. ಮೇಸ್ತ್ರಿ ಇಲ್ಲ. ಆದ್ರೂ ಎಳೆಗಳು ಸಾಲಾಗಿ ನಿಂತ್ಕತವೆ. ಅದೆಂಗೆ ಅಂತ ಲೆಕ್ಕ ಹಾಕೋದೇ ನನ್ ಕೆಲ್ಸ."

ಚಲುವಯ್ಯ ನಂಬಲಿಲ್ಲ. ಆದರೆ ಸೊಪ್ಪಿನ ಆಸೆಗೆ ಬಾಯಿಗೆ ಟವೆಲ್ಲು ಸುತ್ತಿಕೊಂಡು ಮೂಲೆಯಲ್ಲಿ ಕೂತ. ಮಂಗಳಮ್ಮನ ಮುಂದೆ ಸೊಪ್ಪು ಖಾಲಿಯಾಯಿತು. ಬೈಗುಳ ನಾಲಿಗೆವರೆಗೂ ಬಂತು, ನುಂಗಿದ. ತಡೆಯಲಾರದೆ ತಾನೇ ಎದ್ದು ಒಂದು ಹೊರೆ ತಂದು ಹಾಕಿದ. ಗುಂಪಿನ ಪುಟ್ಟಲಕ್ಷ್ಮಿ ದಾರಕ್ಕೆ ತಡಕಾಡಿದಳು, ಕೊಟ್ಟ. ತುಂಬಿದ ಕಡ್ಡಿಗಳನ್ನು ಬ್ಯಾರನ್ನಿಗೆ ಸಾಗಿಸಿದ. ಮತ್ತೆ ಹೊರೆ, ಮತ್ತೆ ಕಡ್ಡಿ. ಹೆಂಗಸರು ಹರಟುತ್ತಾ ನಗುತ್ತಾ ಕಟ್ಟಿದರು. ಹೊತ್ತು ಮುಳುಗುವ ಮುಂಚೆಯೇ ರಾಶಿ ಕರಗಿತ್ತು.

"ನಾಳೀಕೂ ಬತ್ತೀವಿ ಬುಡಿ" ಎಂದು ಮಂಗಳಮ್ಮ ಹೊರಟಳು.

ಸೊಪ್ಪೇನೋ ಉಳಿಯಿತು. ಆದರೆ ತನ್ನ ಮಾತಿಲ್ಲದೆಯೂ ಎಲ್ಲ ನಡೆಯುತ್ತದೆ ಎಂದಾಯಿತಲ್ಲ! ಟವೆಲ್ಲು ಬಿಚ್ಚಿದ ಚಲುವಯ್ಯನಿಗೆ ಅಳುವೇ ಬಂತು.

"ಇನ್ ನಾನ್ಯಾಕವ್ವ ಬೇಕು?" ಎಂದ.

ಸೌಂದರ್ಯ ಲ್ಯಾಪ್‌ಟಾಪ್ ತೆರೆದಳು. ತನ್ನ ಲೆಕ್ಕದಿಂದ ಮೋಟಾರುಗಳನ್ನು ತೆಗೆದಳು. ಪರದೆಯ ಮೇಲೆ ಎಳೆಗಳೆಲ್ಲ ಚೆಲ್ಲಾಪಿಲ್ಲಿಯಾದವು. ಮತ್ತೆ ಹಾಕಿದಳು. ಪುಟ್ಟ ಚುಕ್ಕಿಗಳಂತಿದ್ದ ಮೋಟಾರುಗಳು ಎಳೆಗಳನ್ನು ಹಿಡಿದು ಜಗ್ಗಿ, ನೋಡನೋಡುತ್ತಲೇ ಸಾಲು ಮಾಡಿದವು.

"ಇವತ್ತು ನೀನ್ ಮಾಡಿದ್ದು ಇದೇ ಕಣಪ್ಪ. ನೀನು ಓಡಾಡ್ದೆ ಇದ್ದಿದ್ರೆ ಸೊಪ್ಪು ಅಲ್ಲೇ ಬಿದ್ದಿರೋದು."

ಚಲುವಯ್ಯನ ಎದೆ ಉಬ್ಬಿತು. ಮರುಗಳಿಗೆಯಲ್ಲೇ ಏನೋ ಹೊಳೆದು ಮುಖ ಸಣ್ಣದಾಯಿತು.

"ಅಂಗಾದ್ರೆ, ಇಷ್ಟು ವರ್ಸ ನಾನ್ ಕೂಗಿದ್ದು?"

ಅಡುಗೆಮನೆಯಿಂದ ಹೆಂಡತಿ ಮಾಯಮ್ಮ ಇಣುಕಿದಳು.

"ಸುಮ್ಕೆ ಕಣ್ರೀ. ನಿಮ್ ಗಂಟ್ಲುನೋವಿಗೆ ಕಷಾಯ ಕಾಯ್ಸಿ ಕಾಯ್ಸಿ ನಾನ್ ಸೋತಿದ್ದಷ್ಟೇಯ."